ಅಂಚೆ ಡಬ್ಬದ ಮೇಲೆ ಹೆಸರು, ಆಮೇಲೆ ಸಂಬಳ: ಜರ್ಮನಿಗೆ ಬರುವ ನರ್ಸ್‌ಗಳಿಗೆ

ನಾನು 2022ರ ಆಗಸ್ಟ್‌ನಲ್ಲಿ ಲೈಪ್‌ಜಿಗ್‌ಗೆ ಬಂದೆ. ಆಸ್ಪತ್ರೆ ಕೆಲಸ ನನಗೆ ಹೊಸದಲ್ಲ, ಅದಕ್ಕೂ ಮೊದಲು ಎಂಟು ವರ್ಷ ವಾರ್ಡಿನಲ್ಲಿ ದುಡಿದಿದ್ದೆ. ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆಯೂ ಪಾಸಾಗಿತ್ತು. ಹಾಗಾಗಿ ಧೈರ್ಯವಾಗಿಯೇ ಬಂದೆ. ಆದರೆ ಮೊದಲ ಸಂಬಳ ಖಾತೆಗೆ ಬಿದ್ದ ದಿನ ರಾತ್ರಿ ನಿದ್ದೆ ಬರಲಿಲ್ಲ. ಒಪ್ಪಂದದಲ್ಲಿದ್ದ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ಅಷ್ಟು ಅಂತರ ಇತ್ತು. ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದರೆ, ಕಾರಣ ಸಿಕ್ಕಿದ್ದು ನಮ್ಮ ಕಟ್ಟಡದ ಬಾಗಿಲ ಪಕ್ಕದ ತಗಡಿನ ಅಂಚೆ ಡಬ್ಬದಲ್ಲಿ.

ಆ ಡಬ್ಬದ ಮೇಲೆ ನನಗಿಂತ ಮುಂಚೆ ಇದ್ದವರ ಹೆಸರು ಹಾಗೇ ಇತ್ತು. ನಾನು ಅದನ್ನು ನೋಡಿಯೂ ಸುಮ್ನೆ ಬಿಟ್ಟಿದ್ದೆ. ಮನೆ ನಂಬರ್ ಸರಿ ಇದ್ದರೆ ಸಾಕು, ಕಾಗದ ಬರುತ್ತೆ ಅಂದುಕೊಂಡಿದ್ದೆ. ಇಲ್ಲಿ ಹಾಗಲ್ಲ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರೇ ಇರುವುದಿಲ್ಲ. ಅಂಚೆಯವರು ಡಬ್ಬದ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನನ್ನ ತೆರಿಗೆ ಸಂಖ್ಯೆ ಇದ್ದ ಕಾಗದ ಹಾಗೆ ವಾಪಸ್ ಹೋಗಿತ್ತು. ಸಂಖ್ಯೆ ಸಿಗದ ಕಾರಣ ಆಸ್ಪತ್ರೆಯ ಸಂಬಳ ವಿಭಾಗ ನನ್ನನ್ನು ಆರನೇ ತೆರಿಗೆ ವರ್ಗಕ್ಕೆ ಹಾಕಿತ್ತು. ಅತಿ ಜಾಸ್ತಿ ತೆರಿಗೆ ಹಿಡಿಯುವ ವರ್ಗ ಅದು.

ಹಾಗಾಗಿ ಬಂದ ದಿನವೇ ಮಾಡಬೇಕಾದ ಮೊದಲ ಕೆಲಸ ಇದು. ಒಂದು ಚೂರು ಕಾಗದದ ಮೇಲೆ ನಿಮ್ಮ ಮನೆ ಹೆಸರನ್ನು, ಅಂದರೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಎಂದು ಇರುವುದನ್ನು, ದೊಡ್ಡ ಅಕ್ಷರದಲ್ಲಿ ಬರೆದು ಅಂಚೆ ಡಬ್ಬಕ್ಕೂ ಕರೆಗಂಟೆಗೂ ಅಂಟಿಸಿ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ. ಅದೇ ಇರಲಿ, ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ.

ಮೊದಲ ಎರಡು ವಾರ

ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಪಾಸ್‌ಪೋರ್ಟ್ ಜೊತೆಗೆ, "ಇವರು ನನ್ನ ಮನೆಗೆ ಬಂದಿದ್ದಾರೆ" ಎಂದು ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ಬಾಡಿಗೆ ಒಪ್ಪಂದ ತೋರಿಸಿದರೆ ಸಾಲದು, ಆ ಪತ್ರವೇ ಬೇಕು. ಕಚೇರಿಯ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ. ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಆನ್‌ಲೈನ್‌ನಲ್ಲಿ ಹುಡುಕಲು ಶುರು ಮಾಡಿ.

ಆ ಅರ್ಜಿಯಲ್ಲಿ ಧರ್ಮದ ಬಗ್ಗೆ ಒಂದು ಪ್ರಶ್ನೆ ಇರುತ್ತದೆ. ಅದು ಬರೀ ಮಾಹಿತಿಗೆ ಕೇಳುವ ಪ್ರಶ್ನೆ ಅಲ್ಲ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆದರೆ ಚರ್ಚ್ ತೆರಿಗೆ ಶುರುವಾಗುತ್ತದೆ. ಆದಾಯ ತೆರಿಗೆಯ ಮೊತ್ತದ ಮೇಲೆ ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ 9%, ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ 8%. ನನ್ನ ಜೊತೆ ಬಂದ ಮೂವರು ಕ್ಯಾಥೊಲಿಕ್ ಹುಡುಗಿಯರಲ್ಲಿ ಇಬ್ಬರಿಗೆ ಇದು ಗೊತ್ತೇ ಇರಲಿಲ್ಲ. ಒಬ್ಬಳು "ನನ್ನ ಚರ್ಚ್‌ಗೆ ಹೋಗುತ್ತೆ ಅಲ್ವಾ, ಹೋಗಲಿ ಅಕ್ಕಾ" ಅಂದಳು. ಅವಳ ಮಾತು ನನಗೆ ಇಷ್ಟವಾಯಿತು. ಆದರೆ ಗೊತ್ತಿದ್ದು ಕೊಡುವುದು ಬೇರೆ, ಗೊತ್ತಿಲ್ಲದೆ ಕಡಿತವಾಗುವುದು ಬೇರೆ.

ನೋಂದಣಿ ಆದ ಎರಡು ಮೂರು ವಾರದಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಶ್ಟೊಯರ್ ಐಡಿ ಅನ್ನುತ್ತಾರೆ. ಅದು ಜೀವನಪೂರ್ತಿ ಒಂದೇ. ಬರದಿದ್ದರೆ ಕಾಯುತ್ತಾ ಕೂರಬೇಡಿ. ನಾನು ಪಾಸ್‌ಪೋರ್ಟ್ ಮತ್ತು ನೋಂದಣಿ ಪತ್ರ ಹಿಡಿದು ನೇರವಾಗಿ ಫಿನಾಂಟ್ಸ್‌ಆಮ್ಟ್‌ಗೆ, ಅಂದರೆ ತೆರಿಗೆ ಕಚೇರಿಗೆ ಹೋದೆ. ಸಂಖ್ಯೆ ಅಲ್ಲೇ ಸಿಕ್ಕಿತು. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯ್ತು. ನಿಮ್ಮ ತಪ್ಪಿಲ್ಲದೆ ಸಂಖ್ಯೆ ತಡವಾದರೆ, ಮೂರು ತಿಂಗಳವರೆಗೆ ನಿಮಗೆ ಸಲ್ಲುವ ವರ್ಗದಲ್ಲೇ ತೆರಿಗೆ ಹಿಡಿಯಲು ಕಾನೂನಿನಲ್ಲಿ ಅವಕಾಶ ಇದೆ. ಸಂಬಳ ವಿಭಾಗಕ್ಕೆ ಮೊದಲ ವಾರವೇ ಒಂದು ಇಮೇಲ್ ಬರೆದು ಇದನ್ನು ಕೇಳಿ.

ಸಂಬಳದ ಚೀಟಿ ಓದುವುದು

ಒಪ್ಪಂದದಲ್ಲಿ ಇರುವುದು ಬ್ರುಟ್ಟೊ, ಕೈಗೆ ಬರುವುದು ನೆಟ್ಟೊ. ಊರಲ್ಲಿ ಅಮ್ಮನಿಗೆ ಫೋನ್ ಮಾಡಿ ಸಂಬಳ ಇಷ್ಟು ಅಂತ ಹೇಳುವ ಮುಂಚೆ ನೆಟ್ಟೊ ಎಷ್ಟು ಅಂತ ಲೆಕ್ಕ ಹಾಕಿ. ಸಾಲದ ಕಂತು ನಿಗದಿ ಮಾಡುವ ಮುಂಚೆಯಂತೂ ಖಂಡಿತ ಹಾಕಿ.

2025ರ ದರದಲ್ಲಿ ಒಂದು ಉದಾಹರಣೆ. ಬ್ರುಟ್ಟೊ 3,000 ಯೂರೋ, ಮದುವೆ ಆಗಿಲ್ಲ, ಮಕ್ಕಳಿಲ್ಲ, ಕೆಲಸ ಲೈಪ್‌ಜಿಗ್‌ನಲ್ಲಿ. ಪಿಂಚಣಿಗೆ 9.3%, ಅಂದರೆ 279 ಯೂರೋ. ನಿರುದ್ಯೋಗ ವಿಮೆಗೆ 1.3%, 39 ಯೂರೋ. ಆರೋಗ್ಯ ವಿಮೆಗೆ 7.3% ಮತ್ತು ನಿಮ್ಮ ವಿಮಾ ಸಂಸ್ಥೆಯ ಹೆಚ್ಚುವರಿ ದರದ ಅರ್ಧ, ಎರಡೂ ಸೇರಿ 255ರ ಆಸುಪಾಸು. ಆರೈಕೆ ವಿಮೆಗೆ, ಅಂದರೆ ಮುಪ್ಪಿನಲ್ಲೋ ಕಾಯಿಲೆಯಲ್ಲೋ ನೋಡಿಕೊಳ್ಳುವವರು ಬೇಕಾದಾಗ ನೆರವಾಗುವ ವಿಮೆಗೆ, 2.9%, 87 ಯೂರೋ. ಇದರ ಮೇಲೆ ಆದಾಯ ತೆರಿಗೆ 300ರ ಹತ್ತಿರ. ಮದುವೆ ಆಗದವರ ಒಂದನೇ ತೆರಿಗೆ ವರ್ಗದಲ್ಲಿ ಕೈಗೆ ಬರುವುದು ಸುಮಾರು 2,040. ಅದೇ ಸಂಬಳಕ್ಕೆ ಆರನೇ ವರ್ಗದಲ್ಲಿ 1,700ಕ್ಕೂ ಕಡಿಮೆ. ಅಂಚೆ ಡಬ್ಬದ ಬಗ್ಗೆ ನಾನು ಇಷ್ಟು ಹೇಳುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಆರೈಕೆ ವಿಮೆ ಬೇರೆ ರಾಜ್ಯಗಳಲ್ಲಿ ಇದೇ ಸ್ಥಿತಿಯವರಿಗೆ 2.4%. ಸ್ಯಾಕ್ಸನಿಯಲ್ಲಿ ನೌಕರರು ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ. 1995ರಲ್ಲಿ ಈ ವಿಮೆ ಶುರುವಾದಾಗ ಉಳಿದ ರಾಜ್ಯಗಳು ಖರ್ಚು ಸರಿದೂಗಿಸಲು ನವೆಂಬರ್‌ನ ಒಂದು ಬುಧವಾರದ ರಜೆಯನ್ನು ಬಿಟ್ಟುಕೊಟ್ಟವು. ಸ್ಯಾಕ್ಸನಿ ಬಿಡಲಿಲ್ಲ. ಆ ರಜೆಯ ದಿನ ನಾನು ಪ್ರತಿ ವರ್ಷ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತೇನೆ, ಹಬ್ಬದ ದಿನದ ಹೆಚ್ಚುವರಿ ಹಣ ಸಿಗುತ್ತದೆ ಅಂತ.

ಗಂಡ ಅಥವಾ ಹೆಂಡತಿ ಊರಲ್ಲೇ ಇದ್ದರೆ ಸಾಮಾನ್ಯವಾಗಿ ಒಂದನೇ ವರ್ಗವೇ. ಇಬ್ಬರೂ ಇಲ್ಲಿ ವಾಸಕ್ಕೆ ಬಂದ ಮೇಲೆ ಇಬ್ಬರಿಗೂ ನಾಲ್ಕನೇ ವರ್ಗ ಆಗುತ್ತದೆ, ಬೇಕಿದ್ದರೆ ಒಬ್ಬರಿಗೆ ಮೂರನೇ, ಇನ್ನೊಬ್ಬರಿಗೆ ಐದನೇ ವರ್ಗ ಎಂದು ಬದಲಿಸಿಕೊಳ್ಳಬಹುದು. ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ, ಇಲ್ಲಿಗೆ ಬಂದ ಆದಾಯವಿಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ಹಣ ಕಟ್ಟದೆ ಅದೇ ವಿಮೆ ಸಿಗುತ್ತದೆ.

ನೈಟ್ ಡ್ಯೂಟಿಯ ಹಣದ ವಿಷಯದಲ್ಲಿ ನಾವು ನರ್ಸ್‌ಗಳು ಎಚ್ಚರವಾಗಿರಬೇಕು. ಚೀಟಿಯಲ್ಲಿ ಎರಡು ಪದ ಕಾಣುತ್ತವೆ: ಟ್ಸುಲಾಗೆ ಮತ್ತು ಟ್ಸುಶ್ಲಾಗ್. ಶಿಫ್ಟ್ ಪದ್ಧತಿಯಲ್ಲಿ ದುಡಿಯುವುದಕ್ಕೆ ತಿಂಗಳಿಗೆ ಇಷ್ಟು ಅಂತ ಕೊಡುವುದು ಟ್ಸುಲಾಗೆ. ಅದಕ್ಕೆ ತೆರಿಗೆ ಇದೆ. ರಾತ್ರಿ, ಭಾನುವಾರ, ಹಬ್ಬದ ದಿನ ನಿಜವಾಗಿ ದುಡಿದ ಗಂಟೆಗಳಿಗೆ ಕೊಡುವುದು ಟ್ಸುಶ್ಲಾಗ್. ಅದಕ್ಕೆ ಒಂದು ಮಿತಿಯವರೆಗೆ ತೆರಿಗೆ ಇಲ್ಲ: ಮೂಲ ಗಂಟೆ ಸಂಬಳದ ಮೇಲೆ ರಾತ್ರಿಗೆ 25%, ಭಾನುವಾರಕ್ಕೆ 50%, ಹೆಚ್ಚಿನ ಹಬ್ಬಗಳಿಗೆ 125%. ರಜೆಯಲ್ಲಿದ್ದಾಗ ಅಥವಾ ಹುಷಾರಿಲ್ಲದಾಗ ಸರಾಸರಿ ಲೆಕ್ಕದಲ್ಲಿ ಕೊಡುವ ಹಣಕ್ಕೆ ಮಾತ್ರ ಈ ವಿನಾಯಿತಿ ಇಲ್ಲ, ಏಕೆಂದರೆ ಆ ರಾತ್ರಿ ನೀವು ದುಡಿದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಟಿವಿಓಡಿ ಎಂಬ ಸಾರ್ವಜನಿಕ ವಲಯದ ಒಪ್ಪಂದ ಇದೆ. ಅದರಲ್ಲಿ ಗಂಟೆ ಲೆಕ್ಕದ ಹಣ ಎರಡು ತಿಂಗಳು ತಡವಾಗಿ ಬರುತ್ತದೆ. ಅಕ್ಟೋಬರ್‌ನ ನೈಟ್‌ಗಳ ಹಣ ಡಿಸೆಂಬರ್ ಕೊನೆಗೆ. ಆದ್ದರಿಂದ ನಾನು ಒಂದು ಚಿಕ್ಕ ಡೈರಿ ಇಟ್ಟುಕೊಂಡಿದ್ದೇನೆ. ಪ್ರತಿ ಶಿಫ್ಟ್ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲೇ ನಿಂತು ತಾರೀಖು, ಬಂದ ಹೊತ್ತು, ಹೊರಟ ಹೊತ್ತು ಬರೆಯುತ್ತೇನೆ. ಚೀಟಿ ಬಂದಾಗ ಎರಡು ತಿಂಗಳು ಹಿಂದಿನ ಪುಟ ತೆಗೆದು ಒಂದೊಂದೇ ಗೀಟು ಹಾಕುತ್ತೇನೆ. ಮೂರು ವರ್ಷದಲ್ಲಿ ಎರಡು ಸಲ ತಪ್ಪು ಸಿಕ್ಕಿದೆ. ಎರಡೂ ಸಲ ಬರೆದು ಕೇಳಿದೆ, ಹಣ ಕೊಟ್ಟರು. ಬರೆದು ಕೇಳುವುದು ಮುಖ್ಯ. ಟಿವಿಓಡಿಯಲ್ಲಿ ಆರು ತಿಂಗಳೊಳಗೆ ಲಿಖಿತವಾಗಿ ಕೇಳದಿದ್ದರೆ ಹಕ್ಕು ಹೋಗುತ್ತದೆ. ಖಾಸಗಿ ಒಪ್ಪಂದಗಳಲ್ಲಿ ಎಷ್ಟೋ ಕಡೆ ಮೂರೇ ತಿಂಗಳು. ನಿಮ್ಮ ಒಪ್ಪಂದದ ಕೊನೆಯ ಪುಟಗಳಲ್ಲಿ ಆ ಗಡುವು ಇರುತ್ತದೆ, ಇವತ್ತೇ ಹುಡುಕಿ ಗುರುತು ಹಾಕಿಡಿ.

ನಮ್ಮ ಪದವಿಗೆ ಇಲ್ಲಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳವೇ. ಮಾನ್ಯತೆ ಪತ್ರ ಕೈಗೆ ಬಂದ ದಿನವೇ ಅದರ ನಕಲನ್ನು ಸಂಬಳ ವಿಭಾಗಕ್ಕೆ ಕಳಿಸಿ. ನನ್ನ ಗೆಳತಿ ಒಬ್ಬಳು ವಾರ್ಡಿನ ಮುಖ್ಯಸ್ಥೆಗೆ ತೋರಿಸಿ, ಅವರೇ ಹೇಳುತ್ತಾರೆ ಅಂತ ಸುಮ್ಮನಾದಳು. ಯಾರೂ ಹೇಳಲಿಲ್ಲ. ಎರಡು ತಿಂಗಳು ಹಳೇ ಸಂಬಳದಲ್ಲೇ ದುಡಿದಳು.

ತೆರಿಗೆ ರಿಟರ್ನ್ ಹಾಕಿ, ಹಣ ವಾಪಸ್ ಬರುತ್ತದೆ

ಇಲ್ಲಿ ಆಸ್ಪತ್ರೆಯವರೇ ತೆರಿಗೆ ಹಿಡಿಯುತ್ತಾರಲ್ಲ, ಮತ್ತೆ ರಿಟರ್ನ್ ಯಾಕೆ ಅನ್ನಿಸಬಹುದು. ಬಂದ ಮೊದಲ ವರ್ಷದ ರಿಟರ್ನ್ ಮಾತ್ರ ಬಿಡಲೇಬೇಡಿ. ಪ್ರತಿ ತಿಂಗಳು ತೆರಿಗೆ ಹಿಡಿಯುವಾಗ ನೀವು ವರ್ಷಪೂರ್ತಿ ಹೀಗೇ ದುಡಿಯುತ್ತೀರಿ ಅಂತ ಲೆಕ್ಕ ಹಾಕಿರುತ್ತಾರೆ. ನಾನು 2022ರಲ್ಲಿ ದುಡಿದದ್ದು ಐದೇ ತಿಂಗಳು. ಆ ವರ್ಷ ತೆರಿಗೆ ಇಲ್ಲದ ಮಿತಿ 10,347 ಯೂರೋ ಇತ್ತು, ಅದು ಐದು ತಿಂಗಳಿಗೂ ಪೂರ್ತಿ ಸಿಗುತ್ತದೆ. ಮಿತಿ 2025ಕ್ಕೆ 12,096 ಆಗಿದೆ. ನನ್ನಿಂದ ಹಿಡಿದ ತೆರಿಗೆಯ ಬಹುಪಾಲು ವಾಪಸ್ ಬಂತು. ಆರನೇ ವರ್ಗದಲ್ಲಿ ಹೋದದ್ದೂ ಅದರಲ್ಲೇ ಸೇರಿ ಬಂತು. ಆ ವರ್ಷ ಭಾರತದಲ್ಲಿ ಪಡೆದ ಸಂಬಳವನ್ನೂ ತೋರಿಸಬೇಕು. ಅದಕ್ಕೆ ಜರ್ಮನಿ ತೆರಿಗೆ ಹಾಕುವುದಿಲ್ಲ, ಆದರೆ ಇಲ್ಲಿನ ಸಂಬಳಕ್ಕೆ ಹಾಕುವ ದರ ಅದರಿಂದ ಸ್ವಲ್ಪ ಏರುತ್ತದೆ.

ಕೆಲಸಕ್ಕಾಗಿ ಮಾಡಿದ ಖರ್ಚಿಗೆ, ತೆರಿಗೆ ಹಾಕುವ ಆದಾಯದಿಂದ ವರ್ಷಕ್ಕೆ 1,230 ಯೂರೋ ಕಡಿತ ರಸೀದಿ ಇಲ್ಲದೆಯೇ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಖರ್ಚಾಗಿದ್ದರೆ ರಸೀದಿ ಬೇಕು. ಮೊದಲ ವರ್ಷ ನಮ್ಮಂಥವರಿಗೆ ಸುಲಭವಾಗಿ ಜಾಸ್ತಿ ಆಗಿರುತ್ತದೆ: ಸರ್ಟಿಫಿಕೇಟ್‌ಗಳ ಅನುವಾದ, ಮಾನ್ಯತೆಯ ಫೀಸು, ಇಲ್ಲಿಗೆ ಬಂದ ವಿಮಾನದ ಖರ್ಚು. ನಿಮ್ಮ ಕೈಯಿಂದ ಕೊಟ್ಟದ್ದು ಮಾತ್ರ ಲೆಕ್ಕ, ಆಸ್ಪತ್ರೆ ಕೊಟ್ಟದ್ದು ಲೆಕ್ಕವಿಲ್ಲ. ಆದ್ದರಿಂದ ಭಾರತ ಬಿಡುವ ಮುಂಚಿನ ರಸೀದಿಗಳನ್ನೂ ಎಸೆಯಬೇಡಿ. ನಾನು ಅನುವಾದಕರ ರಸೀದಿಯನ್ನು ಊರಿನ ಕಪಾಟಿನಲ್ಲಿ ಬಿಟ್ಟು ಬಂದಿದ್ದೆ. ತಮ್ಮ ಫೋಟೋ ತೆಗೆದು ಕಳಿಸಿದ.

ಎಲ್ಸ್ಟರ್ ಎಂಬ ಸರ್ಕಾರಿ ತಾಣದಲ್ಲಿ ಹಣ ಕೊಡದೆ ರಿಟರ್ನ್ ಹಾಕಬಹುದು, ಆದರೆ ಜರ್ಮನ್ ಅಧಿಕಾರಿಗಳ ಭಾಷೆ ಕಷ್ಟ. ಮೊದಲ ವರ್ಷಕ್ಕೆ ನಾನು ಲೋನ್‌ಶ್ಟೊಯರ್‌ಹಿಲ್ಫೆ ಸಂಘಕ್ಕೆ ಸದಸ್ಯೆಯಾದೆ. ಇವು ನೌಕರರಿಗೆ ರಿಟರ್ನ್ ಮಾಡಿಕೊಡುವ ಸಂಘಗಳು, ಆದಾಯ ನೋಡಿ ವರ್ಷದ ಚಂದಾ ಹಾಕುತ್ತವೆ. ಕಡ್ಡಾಯವಾಗಿ ಹಾಕಬೇಕಾದವರಿಗೆ ಮುಂದಿನ ವರ್ಷದ ಜುಲೈ 31 ಕೊನೆಯ ದಿನ, ಸ್ವಇಚ್ಛೆಯಿಂದ ಹಾಕುವವರಿಗೆ ನಾಲ್ಕು ವರ್ಷ ಅವಕಾಶ. ಭಾರತದ ಸಂಬಳ ತೋರಿಸಬೇಕಾದ ಮೊದಲ ವರ್ಷವನ್ನು ಕಡ್ಡಾಯ ಎಂದೇ ತಿಳಿಯಿರಿ.

ಅಪ್ಪ ಅಮ್ಮನಿಗೆ ಕಳಿಸುವ ಹಣಕ್ಕೂ ಕಡಿತ ಕೇಳಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಭಾರತದ ಜೀವನ ಖರ್ಚು ನೋಡಿ ಮಿತಿಯನ್ನು ಇಳಿಸಿರುತ್ತಾರೆ, ಅವರಿಗೆ ಬೇರೆ ಆದಾಯ ಇದ್ದರೆ ಇನ್ನೂ ಇಳಿಯುತ್ತದೆ. ದುಡಿಯುವ ವಯಸ್ಸಿನವರಾದರೆ ಯಾಕೆ ದುಡಿಯಲು ಆಗುತ್ತಿಲ್ಲ ಎಂದೂ ತೋರಿಸಬೇಕು. 2025ರಿಂದ ಹಣ ಬ್ಯಾಂಕ್ ಮೂಲಕ ನೇರ ಅವರ ಖಾತೆಗೇ ಹೋಗಿರಬೇಕು. ರಜೆಗೆ ಹೋದಾಗ ಕೈಯಲ್ಲಿ ಕೊಟ್ಟದ್ದು ನಡೆಯುವುದಿಲ್ಲ. ನಿಮ್ಮ ಸ್ವಂತ ಭಾರತದ ಖಾತೆಗೆ ಹಾಕಿ ಅಲ್ಲಿಂದ ಅಮ್ಮನಿಗೆ ಎಟಿಎಂ ಕಾರ್ಡ್ ಕೊಡುವ ಅಭ್ಯಾಸ ಇದ್ದರೆ ಬಿಡಿ. ವರ್ಷದ ಶುರುವಿನಲ್ಲೇ ಕಳಿಸಲು ಆರಂಭಿಸಿ, ಏಕೆಂದರೆ ಕಳಿಸಿದ ತಿಂಗಳಿಂದ ಮುಂದಕ್ಕೆ ಮಾತ್ರ ಲೆಕ್ಕ.

ಭಾರತದ ಕಡೆಯ ಲೆಕ್ಕ

ಅಲ್ಲಿನ ಹಣಕಾಸು ವರ್ಷ ಏಪ್ರಿಲ್‌ನಿಂದ, ಇಲ್ಲಿನದು ಜನವರಿಯಿಂದ. ಕೆಲಸಕ್ಕಾಗಿ ಹೊರಟ ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಜಾಸ್ತಿ ಇದ್ದರೆ ಆ ವರ್ಷಕ್ಕೆ ನೀವು ಅಲ್ಲಿನ ನಿವಾಸಿ. ನಾನು ಆಗಸ್ಟ್‌ನಲ್ಲಿ ಹೊರಟೆ, ಹಾಗಾಗಿ ತಾಪತ್ರಯ ಇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಗೆಳತಿ ಜರ್ಮನಿಯ ಸಂಬಳವನ್ನೂ ಭಾರತದ ರಿಟರ್ನ್‌ನಲ್ಲಿ ತೋರಿಸಬೇಕಾಯಿತು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಿನಾಯಿತಿ ಪಡೆಯಲು ಫಾರ್ಮ್ 67 ತುಂಬಿದಳು. ಇಲ್ಲಿಂದ ವಾಪಸ್ ಬಂದ ತೆರಿಗೆಗೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಹೊರಡುವ ತಾರೀಖು ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ ಮೂರನೇ ವಾರದ ಒಳಗೆ ಹೊರಡಿ.

ಹೊರಟ ಮೇಲೆ ಅಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು, ಹಾಗೇ ಇಟ್ಟುಕೊಳ್ಳುವಂತಿಲ್ಲ. ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ. ಈ ಖಾತೆಯ ವಿಷಯದಲ್ಲೇ ನಾನು ಎಡವಿದ್ದು. ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲ ಅಂತ ಬ್ಯಾಂಕಿನವರು ಹೇಳಿದ್ದರು. ಅದು ನಿಜ, ಆದರೆ ಭಾರತದಲ್ಲಿ ಮಾತ್ರ. ಜರ್ಮನಿಯಲ್ಲಿ ವಾಸ ಇರುವವರು ಪ್ರಪಂಚದ ಯಾವ ಮೂಲೆಯ ಬಡ್ಡಿಯನ್ನೂ ಇಲ್ಲಿ ತೋರಿಸಬೇಕು. ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗಿನ ಬಡ್ಡಿ ಮತ್ತು ಹೂಡಿಕೆ ಆದಾಯಕ್ಕೆ ವಿನಾಯಿತಿ ಇದೆ, ಮೇಲಿನದಕ್ಕೆ ಸುಮಾರು 26.4%. ಎರಡೂ ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ನಾನು ಎರಡನೇ ವರ್ಷ ಗೊತ್ತಾದ ಕೂಡಲೇ ಹಿಂದಿನ ವರ್ಷದ ಬಡ್ಡಿಯನ್ನೂ ಬರೆದು ತಿಳಿಸಿದೆ. ಆ ವರ್ಷದ ವಿನಾಯಿತಿ ಮಿತಿಯ ಒಳಗೇ ಇತ್ತು, ತೆರಿಗೆ ಬೀಳಲಿಲ್ಲ, ಮನಸ್ಸು ಹಗುರವಾಯಿತು.

ಎನ್‌ಆರ್‌ಒ ಬಡ್ಡಿಗೆ ಭಾರತದಲ್ಲಿ ಮೂಲದಲ್ಲೇ 30%ಕ್ಕೂ ಜಾಸ್ತಿ ಹಿಡಿಯುತ್ತಾರೆ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಅದು 10% ಮೀರಬಾರದು. ಅದಕ್ಕೆ ಇಲ್ಲಿನ ಫಿನಾಂಟ್ಸ್‌ಆಮ್ಟ್‌ನಿಂದ ವಾಸದ ಪ್ರಮಾಣಪತ್ರ ತಂದು ಬ್ಯಾಂಕಿಗೆ ಕೊಡಬೇಕು.

ದಿನದ ಬದುಕು

ಬಾಡಿಗೆ ಜಾಹೀರಾತಿನಲ್ಲಿ ಕಾಲ್ಟ್ ಅಂದರೆ ಬರೀ ಮನೆ, ವಾರ್ಮ್ ಅಂದರೆ ಬಿಸಿ ಮಾಡುವ ಖರ್ಚು, ನೀರು ಎಲ್ಲ ಸೇರಿ. ಮಾಲೀಕರು ಕೇಳುವ ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಮನೆ ನೋಡದೆ ಯಾರಿಗೂ ಒಂದು ಯೂರೋ ಕೂಡ ಕಳಿಸಬೇಡಿ. ರೇಡಿಯೊ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕೊಡಬೇಕು. ಆದರೆ ಒಂದು ಮನೆಗೆ ಒಂದೇ. ಮೂವರು ಸೇರಿ ಇದ್ದರೆ ಒಬ್ಬರು ಕಟ್ಟಿ, ಅವರ ಶುಲ್ಕದ ಸಂಖ್ಯೆಯನ್ನು ಉಳಿದಿಬ್ಬರು ಬರೆದು ತಿಳಿಸಿದರೆ ಸಾಕು.

ಹಾಫ್ಟ್‌ಫ್ಲಿಷ್ಟ್ ಎಂಬ ಹೊಣೆ ವಿಮೆ ಮಾಡಿಸಿ. ಬೇರೆಯವರಿಗೆ ನಿಮ್ಮಿಂದ ನಷ್ಟವಾದರೆ ಅದು ತುಂಬುತ್ತದೆ. ಕೆಲಸದ ಜಾಗದ ಕೀಲಿ ಕಳೆದರೂ ತುಂಬುತ್ತದೆಯೇ ಎಂದು ಕೇಳಿಯೇ ಸಹಿ ಹಾಕಿ. ವಾರ್ಡಿನ ಕೀಲಿ ಒಂದು ಕಳೆದರೆ ಬೀಗಗಳ ಪೂರ್ತಿ ಜಾಲವನ್ನೇ ಬದಲಿಸಬೇಕಾಗಬಹುದು.

ಹುಷಾರಿಲ್ಲದಿದ್ದರೆ ಶಿಫ್ಟ್ ಶುರುವಾಗುವ ಮುಂಚೆ ಫೋನ್ ಮಾಡಿ. ಮೂರು ದಿನಕ್ಕಿಂತ ಜಾಸ್ತಿ ಆದರೆ ವೈದ್ಯರ ಚೀಟಿ ಬೇಕು, ಕೆಲವು ಒಪ್ಪಂದಗಳಲ್ಲಿ ಮೊದಲ ದಿನವೇ. ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ. ಜ್ವರ ಇಟ್ಟುಕೊಂಡು ಡ್ಯೂಟಿಗೆ ಹೋಗಬೇಡಿ, ಇಲ್ಲಿ ಯಾರೂ ಅದನ್ನು ಮೆಚ್ಚುವುದಿಲ್ಲ. ರಾತ್ರಿ ವೈದ್ಯರು ಬೇಕಾದರೆ 116117, ತುರ್ತಿಗೆ 112.

ಪಿಂಚಣಿಗೆ ಹೋಗುವ 9.3% ನೋಡಿ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಆ ತಿಂಗಳುಗಳು ಎರಡು ಕಡೆ ಕೆಲಸಕ್ಕೆ ಬರುತ್ತವೆ. 60 ತಿಂಗಳು ಆದರೆ ಮುಂದೆ ಎಲ್ಲೇ ಇದ್ದರೂ ಜರ್ಮನ್ ಪಿಂಚಣಿಗೆ ಅರ್ಹತೆ ಬರುತ್ತದೆ. 36 ತಿಂಗಳು ಆದರೆ, ಮಾನ್ಯತೆ ಪಡೆದ ಕೆಲಸಗಾರರಾಗಿ ಮೂರು ವರ್ಷದ ವಾಸದ ಪರವಾನಗಿಯೂ ಬಿ1 ಮಟ್ಟದ ಜರ್ಮನ್ ಭಾಷೆಯೂ ಇದ್ದರೆ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸಹಾಯಕಿಯಾಗಿದ್ದ ಕಾಲದ ಪರವಾನಗಿ ಆ ಮೂರು ವರ್ಷಕ್ಕೆ ಸೇರುವುದಿಲ್ಲ. ಮಾನ್ಯತೆಯ ಕೆಲಸ ಬೇಗ ಮುಗಿಸಿ ಅಂತ ಹೇಳುವುದು ಇದಕ್ಕೂ ಹೌದು.

ಹೋದ ತಿಂಗಳು ನಾನು ಹಾಸ್ಟೆಲ್ ಬಿಟ್ಟು ಸ್ವಂತ ಬಾಡಿಗೆ ಮನೆಗೆ ಬಂದೆ. ಮನೆ ಬದಲಿಸಿದರೆ ಮತ್ತೆ ಎರಡು ವಾರದೊಳಗೆ ನೋಂದಣಿ. ಅದರ ಜೊತೆ ಬ್ಯಾಂಕಿಗೆ, ಆರೋಗ್ಯ ವಿಮೆಯವರಿಗೆ, ಸಂಬಳ ವಿಭಾಗಕ್ಕೆ ಹೊಸ ವಿಳಾಸ ಬರೆದು ಕಳಿಸಿ. ಹಳೇ ವಿಳಾಸಕ್ಕೆ ಬರುವ ಕಾಗದಗಳನ್ನು ಹೊಸ ಮನೆಗೆ ತಿರುಗಿಸಲು ಡಾಯ್ಚೆ ಪೋಸ್ಟ್‌ನಲ್ಲಿ ಹಣ ಕಟ್ಟಿ ಕೋರಿಕೆ ಕೊಡಬಹುದು. ಹೊರಡುವ ಒಂದು ವಾರ ಮೊದಲೇ ಕೊಡಿ. ನಾನು ಹೊಸ ಮನೆಯ ಕೀಲಿ ತೆಗೆದುಕೊಂಡಾಗ ಚೀಲದಲ್ಲಿ ಟೇಪು, ಪೆನ್ನು, ಬಿಳಿ ಕಾಗದ ಇಟ್ಟುಕೊಂಡೇ ಹೋಗಿದ್ದೆ. ಮೆಟ್ಟಿಲು ಹತ್ತುವ ಮುಂಚೆ ಡಬ್ಬಕ್ಕೆ ಹೆಸರು ಅಂಟಿಸಿದೆ.